ಪಾಂಡುರಂಗಪ್ಪನ ಚಿಗರಿ

ಬೇಡರ ಕುಲದಲ್ಲಿ ಹುಟ್ಟಿಯೂ ಪಾಂಡುರಂಗಪ್ಪ ಅರವತ್ತು ದಾಟುವ ತನಕ ಒಂದು ಮೊಲವನ್ನೂ ಹೊಡೆದವನಲ್ಲ. ಸುರಪುರದ ಗುಡ್ಡಗಳಲ್ಲಿ ಅವನ ಅಜ್ಜ ಬೇಟೆಗೆ ಹೆಸರಾಗಿದ್ದವನು. ಅಪ್ಪನ ಕಾಲಕ್ಕೆ ಸರಕಾರ ಬೇಟೆ ನಿಲ್ಲಿಸಿತು. ಅಜ್ಜನ ಬಂದೂಕು ಜಂತಿಗೆ ಸಿಕ್ಕಿಸಿದಲ್ಲೇ ತುಕ್ಕು ಹಿಡಿಯಿತು. ಇವನು ವೆಲ್ಡಿಂಗ್ ಕಲಿತು ಮುಂಬೈಗೆ ಹೋದ, ಅಲ್ಲಿಂದ ಲಂಡನ್ನಿಗೆ ಬಂದ, ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡ. ಊರಿಗೆ ಹೋದಾಗಲೆಲ್ಲ ಮದುವೆಮನೆಯ ಪಂಕ್ತಿಯಲ್ಲಿ ಅಣ್ಣತಮ್ಮಂದಿರು ಕೆಣಕುತ್ತಿದ್ದರು.

"ಏನ್ ಪಾಂಡ್ಯಾ, ಲಂಡನ್ದಾಗ ಏನ್ ಬ್ಯಾಟಿ ಆಡ್ತಿ? ಪಾರಿವಾಳಾನಾ?"

ಎಲ್ಲರ ಜೊತೆ ಅವನೂ ನಗುತ್ತಿದ್ದ. ಆದರೆ ಕೈತೊಳೆಯಲು ಎದ್ದವನು ಮತ್ತೆ ಆ ಪಂಕ್ತಿಗೆ ಬರುತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಕೂತ ಚಂದ್ರವ್ವನಿಗೆ ಅದು ಕಾಣುತ್ತಿತ್ತು. ಗಂಡನಿಗೆ ಮನೆ ಬೇಕಿರಲಿಲ್ಲ, ಮಾನ ಸನ್ಮಾನ ಬೇಕಿರಲಿಲ್ಲ. ತಾನೇ ಹೆಜ್ಜೆ ನೋಡಿ, ತಾನೇ ಜಾಡು ಹಿಡಿದು, ತಾನೇ ಹೊಡೆದ ಒಂದು ಚಿಗರಿ ಬೇಕಿತ್ತು. ಒಂದೇ ಒಂದು.

ಅದಕ್ಕೆ ದಾರಿ ತೋರಿಸಿದವನು ಕ್ಲೈವ್. ಗೋದಾಮಿಗೆ ಲಾರಿ ತರುತ್ತಿದ್ದ ಕೆಂಪು ಮೋರೆಯ ದಪ್ಪನೆಯ ಮನುಷ್ಯ. ಎನ್‌ಫೀಲ್ಡ್ ದಾಟಿ, ಲಂಡನ್ನು ಮುಗಿಯಿತೋ ಇಲ್ಲವೋ ಎನ್ನುವ ಕಡೆ ಅವನ ಭಾವನ ಹೊಲವಿತ್ತು, ಹೊಲದ ಹಿಂದೆ ಹಳೆಯ ಕಾಡು. ಜಿಂಕೆಗಳು ಹೆಚ್ಚಾಗಿ ಅಲ್ಲಿ ಒಂದು ಸಸಿಯೂ ಮೇಲೇಳುತ್ತಿರಲಿಲ್ಲ. ಚಳಿಗಾಲದಲ್ಲಿ ಅವುಗಳನ್ನು ಇಷ್ಟಿಷ್ಟು ಹೊಡೆದು ಕಡಿಮೆ ಮಾಡುವುದು ಕ್ಲೈವ್‌ನ ವಾರದ ರಜೆಯ ಕೆಲಸ. ಪಾಂಡುರಂಗಪ್ಪ ನಿವೃತ್ತನಾದ ದಿನ ಕೇಕು ತಿನ್ನುತ್ತ ತನ್ನ ಅಜ್ಜನ ಸುದ್ದಿ ಹೇಳಿದ. ಕ್ಲೈವ್ ಕಣ್ಣರಳಿಸಿ ಕೇಳಿದ.

"ಹಂಟರ್‌ಗೆ ನಿಮ್ಮ ಭಾಷೆಯಲ್ಲಿ ಏನಂತಾರೆ?"

"ಬ್ಯಾಡ."

"ಬ್ಯಾಡ್? ಅಂದರೆ ನೀನು ಕೆಟ್ಟವನು!" ಎಂದು ಕ್ಲೈವ್ ಹೊಟ್ಟೆ ಕುಣಿಸಿ ನಕ್ಕ. ಅವತ್ತಿನಿಂದ ಅವನ ಬಾಯಲ್ಲಿ ಪಾಂಡುರಂಗಪ್ಪ 'ಮಿಸ್ಟರ್ ಬ್ಯಾಡ' ಆದ. ಅದೇ ಮಾತಿಗೆ ತಮ್ಮ ಮನೆಯಲ್ಲಿ ಇನ್ನೊಂದು ಅರ್ಥ ಉಂಟು, ಒಲ್ಲೆ ಅನ್ನುವುದಕ್ಕೂ ಬ್ಯಾಡ ಅಂತಲೇ ಅನ್ನುತ್ತೇವೆ ಎಂದು ಇವನು ಹೇಳಹೋಗಲಿಲ್ಲ. ನಕ್ಕವನ ನಗೆ ಯಾಕೆ ಕೆಡಿಸಬೇಕು?

ಕ್ಲೈವ್‌ನದು ಒಂದು ನೇಮ. ಮೊದಲು ನೆಲ ಓದುವುದು ಬರಬೇಕು, ಬಂದೂಕು ಆಮೇಲೆ. ಹಾಗಾಗಿ ಮೊದಲ ಚಳಿಗಾಲವೆಲ್ಲ ಪಾಂಡುರಂಗಪ್ಪ ಬರಿಗೈಯಲ್ಲಿ ಕಾಡು ತಿರುಗಿದ. ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ ಶುರು ಮಾಡುತ್ತಿದ್ದ.

"ಇಲ್ಲಿ ನೋಡ್ ಚಂದ್ರೀ, ಗೊರಸು ಹಿಂಗ ಎರಡು ಹೋಳು. ಕಡ್ಲಿ ಒಡದು ಬಾಜೂಕ ಬಾಜೂಕ ಇಟ್ಟಂಗ. ಚೂಪ ಕಡಿ ಯಾ ದಿಕ್ಕಿಗಿ ಅದನೋ ಆ ದಿಕ್ಕಿಗಿ ಹೋಗ್ಯದ ಅಂತ ಅರ್ಥ. ಓಡಿತ್ತಂದ್ರ ಹೋಳು ಅಗಲ ಆಗ್ತಾವ."

"ಚಪಾತಿ ಹಿಟ್ಟಿನ್ಯಾಗ ಯಾಕ ಒತ್ತಲಿಕತ್ತೀರಿ? ತಗೀರಿ ಕೈ."

ಹಿಕ್ಕೆ ಹೊಳೆಯುತ್ತಿದ್ದರೆ ಇವತ್ತಿನದು, ಮಂಕಾಗಿದ್ದರೆ ಹಳತು. ಮರಕ್ಕೆ ಹಬ್ಬಿದ ಬಳ್ಳಿಯ ಎಲೆ ಒಂದು ಎತ್ತರದವರೆಗೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇಲ್ಲವಾಗಿದ್ದರೆ, ಅಲ್ಲಿಯ ತನಕ ಅವುಗಳ ಬಾಯಿ ಎಟುಕಿದೆ. ಎಳೆ ಮರದ ತೊಗಟೆ ಸಿಪ್ಪೆ ಸುಲಿದಿದ್ದರೆ ಗಂಡು ಅಲ್ಲಿ ಕೊಂಬು ಉಜ್ಜಿದೆ. ಉದುರಿದೆಲೆಯ ಮೇಲೆ ಬಾನಿಯಷ್ಟು ಅಗಲ ತಗ್ಗು ಬಿದ್ದಿದ್ದರೆ ರಾತ್ರಿ ಅಲ್ಲೇ ಮಲಗಿ ಎದ್ದಿದೆ. ಒಂದು ದಿನ ಮುಂಜಾನೆಯೆಲ್ಲ ಹೆಜ್ಜೆಯ ಬೆನ್ನು ಹತ್ತಿ, ಕೆಸರಿನಲ್ಲಿ ಮೊಣಕಾಲೂರಿ, ಬೇಲಿ ನುಸುಳಿ ಹೋದರೆ ಕಡೆಗೆ ಸಿಕ್ಕಿದ್ದು ಪಕ್ಕದ ಹೊಲದ ಕುರಿ. ಕ್ಲೈವ್ ಅದನ್ನು ಗೋದಾಮಿಗೆಲ್ಲ ಸಾರಿದ. ಪಾಂಡುರಂಗಪ್ಪ ಅದನ್ನು ತಾನೇ ಹೇಳಿಕೊಂಡು ನಕ್ಕ. ಮಗಳು ಬೃಂದಾ ಎಜ್‌ವೇರ್‌ನಿಂದ ಫೋನ್ ಮಾಡಿದಾಗ ಅವಳಿಗೂ ಹೇಳಿದ. "ಅಪ್ಪಾ, ಯು ಸೌಂಡ್ ಸೋ ಹ್ಯಾಪಿ" ಎಂದಳು ಅವಳು. ನಿಜವೇ. ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ಚಂದ್ರವ್ವ ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಕ್ಲೈವ್ ಹೊಲದ ದಿಬ್ಬಕ್ಕೆ ಕಾಗದ ಒರಗಿಸಿ ಅವನ ಕೈಗೆ ಬಂದೂಕು ಕೊಟ್ಟ. ಹೊಡೆದ ಗುಂಡೆಲ್ಲ ನಟ್ಟನಡುವೆ ಬಿದ್ದವು. "ರಕ್ತದಲ್ಲೇ ಇದೆ" ಎಂದ ಕ್ಲೈವ್. "ಚಳಿ ಬೀಳಲಿ, ಹೆಣ್ಣು ಜಿಂಕೆ ಹೊಡೆಯುವ ಕಾಲ ಬರಲಿ. ಮೊದಲನೆಯದು ನಿನ್ನದು."

ಚಳಿ ಬೀಳುವ ಮೊದಲೇ ಅವನ ಕಣ್ಣು ಕೆಟ್ಟಿತು.

ಅವನು ಹೇಳಲಿಲ್ಲ. ಆದರೆ ಚಹಾ ಬಸಿಯುವಾಗ ಕಪ್ಪಿನ ಆಚೆ ಸುರಿಯತೊಡಗಿದ. ಬಸ್ ಸ್ಟಾಪಿನಲ್ಲಿ, "ಯಾ ನಂಬರ್ ಬಂತದು?" ಎಂದು ಕೇಳತೊಡಗಿದ, ಯಾಕೆ ಎಂದು ಕೇಳಿದರೆ ಕನ್ನಡಕ ಮನೆಯಲ್ಲಿ ಮರೆತೆ ಎನ್ನುತ್ತಿದ್ದ, ಆದರೆ ಕನ್ನಡಕ ಅವನ ಮೂಗಿನ ಮೇಲೇ ಇರುತ್ತಿತ್ತು. ಒಂದು ದಿನ ಕ್ವೀನ್ಸ್‌ಬರಿಗೆ ಗೆಳೆಯನ ಮನೆಗೆ ಹೋಗಿದ್ದೆ ಎನ್ನುತ್ತ ಸಂಜೆ ಬಂದ. ಕಣ್ಣುಪಾಪೆ ಎರಡೂ ದೊಡ್ಡದಾಗಿ, ಬೆಳಕಿಗೆ ಮುಖ ಕಿವುಚಿಕೊಳ್ಳುತ್ತಿದ್ದ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದವರನ್ನು ಚಂದ್ರವ್ವ ಕಾಣದವಳೇ? ಅವಳ ತಾಯಿಗೂ ಹಾಗೇ ಆಗಿತ್ತು. ನೋಟದ ನಡುವೆ ಕಪ್ಪು ಚುಕ್ಕೆ ಬಿದ್ದು, ಅದು ದೊಡ್ಡದಾಗುತ್ತ ಹೋಗಿ, ಕಡೆಗೆ ಅಂಚು ಮಾತ್ರ ಉಳಿಯುತ್ತದೆ. ಅಂಚಿನಲ್ಲಿ ನೋಡಬೇಕಾದರೆ ಮುಖ ಓರೆ ಮಾಡಬೇಕು. ಪಾಂಡುರಂಗಪ್ಪ ಹೆಂಡತಿಯ ಜೊತೆ ಮಾತಾಡುವಾಗ ಈಗ ಅವಳ ಕಿವಿ ನೋಡಿ ಮಾತಾಡುತ್ತಿದ್ದ.

ಅವನಾಗಿ ಬಾಯಿಬಿಡಲಿ ಎಂದು ಅವಳು ಕಾದಳು. ಅವನು ಬಾಯಿಬಿಟ್ಟದ್ದು ಬೇರೆ ಮಾತಿಗೆ.

"ಈ ಸಲ ನೀನೂ ನಡಿ ಅಡವಿಗಿ. ಮನ್ಯಾಗ ಒಬ್ಬಾಕಿ ಕೂತು ಏನ್ ಮಾಡ್ತಿ?"

"ಇಷ್ಟ್ ವರ್ಷ ಒಬ್ಬಾಕೀನೇ ಕೂತಿಲ್ಲೇನ್ರೀ ನಾ?" ಎಂದಳು. ಹಾಗೆಂದವಳು ಎದ್ದು ಸ್ವೆಟರ್ ಹುಡುಕಿದಳು. ಅವನಿಗೆ ಬೇಕಾದದ್ದು ತನ್ನ ಜೊತೆಯಲ್ಲ, ತನ್ನ ಕಣ್ಣು ಎನ್ನುವುದು ಅವಳಿಗೆ ಅರ್ಥವಾಗಿತ್ತು. ಅವನು ಕೇಳುವುದಾದರೆ ಕೊಡುವುದೇ ಸರಿ ಎನಿಸಿತು.

ಹೀಗೆ ಆ ಮುದುಕಿಯೂ ಜಾಡು ಓದಲು ಕಲಿತಳು. ಸಲೀಸಾಗಿ ಕಲಿಯಲಿಲ್ಲ. ಮೊಲದ ಹಿಕ್ಕೆಯನ್ನು ಜಿಂಕೆಯದೆಂದು ತೋರಿಸಿದಳು, ಯಾರದೋ ನಾಯಿಯ ಹೆಜ್ಜೆಗೆ ಸಂಭ್ರಮಪಟ್ಟಳು. ಮುಳ್ಳುತಂತಿಗೆ ಸಿಕ್ಕ ಕೂದಲು ಕಂಡರೆ, "ಇಲ್ಲಿ ಹಾದಾವ ನೋಡ್ರಿ" ಎಂದು ಪಿಸುಗುಡುತ್ತಿದ್ದಳು. ಪಾಂಡುರಂಗಪ್ಪ ಆ ಕಡೆ ಬಂದು ಮೊಣಕಾಲೂರಿ, ಕೈಗವಸು ತೆಗೆದು, ಕೆಸರಿನಲ್ಲಿ ಮೂಡಿದ ಗೊರಸಿನ ಅಂಚನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ. ಕೂಸಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದ. ಆಮೇಲೆ ತಲೆ ಎತ್ತಿ, "ಹೆಣ್ಣು. ಹಿಂದೊಂದು ಮರಿ" ಎನ್ನುತ್ತಿದ್ದ.

ಕ್ಲೈವ್‌ಗೆ ಮೈ ಜುಮ್ಮೆನ್ನುತ್ತಿತ್ತು. "ನೋಡಿ, ನೋಡಿ! ಇದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜನ ಕಾಲದ ವಿದ್ಯೆ!"

ಪಾಂಡುರಂಗಪ್ಪ ತಲೆ ತಗ್ಗಿಸಿ ಬೆರಳಿನ ಕೆಸರು ಒರೆಸಿಕೊಳ್ಳುತ್ತಿದ್ದ. ಚಂದ್ರವ್ವ ಬೇರೆ ಕಡೆ ನೋಡುತ್ತಿದ್ದಳು.

ಡಿಸೆಂಬರಿನ ಒಂದು ಬೆಳಗ್ಗೆ ಆ ಹೊತ್ತು ಬಂತು. ಹುಲ್ಲೆಲ್ಲ ಹಿಮಕ್ಕೆ ಬಿಳುಪೇರಿ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ದೂರದ ಮೋಟರ್‌ವೇ ಮೊರೆಯುತ್ತಿತ್ತು. ಮೂವರೂ ಬಿದ್ದ ಓಕ್ ಮರವೊಂದರ ಮರೆಯಲ್ಲಿ ಕೂತರು. ಎದುರಿಗೆ ಒಣಗಿದ ಜರೀಗಿಡದ ಬಯಲು, ಅದರ ಹಿಂದೆ ಎತ್ತರದ ಮಣ್ಣಿನ ಏರಿ. ಗುಂಡು ತಪ್ಪಿದರೂ ಮಣ್ಣಿಗೆ ಹೋಗಲೆಂದು ಕ್ಲೈವ್ ಆ ಜಾಗವನ್ನೇ ಆರಿಸಿದ್ದ. ಮೂರು ಕಾಲಿನ ಕೋಲಿನ ಮೇಲೆ ಬಂದೂಕು ಇತ್ತು. ಪಾಂಡುರಂಗಪ್ಪ ಅದರ ಹಿಂದೆ, ಎಡಕ್ಕೆ ಕ್ಲೈವ್ ದುರ್ಬೀನು ಹಿಡಿದು, ಬೆನ್ನ ಹಿಂದೆ ಚಂದ್ರವ್ವ.

ಜಿಂಕೆ ಬಂತು. ಬಂದದ್ದು ಕಾಣಲಿಲ್ಲ, ಇದ್ದದ್ದು ಕಂಡಿತು. ಬೇಸಗೆಯ ಚುಕ್ಕಿಯೆಲ್ಲ ಅಳಿಸಿ, ಮೈ ಒಣಮಣ್ಣಿನ ಬಣ್ಣ. ಒಂದು ಕಿವಿ ಅಲ್ಲಾಡದಿದ್ದರೆ ಚಂದ್ರವ್ವನಿಗೂ ತಿಳಿಯುತ್ತಿರಲಿಲ್ಲ. ಎಷ್ಟು ಚಂದವಾಗಿ ನಿಂತಿದೆ, ಒಡ್ಡಿಕೊಂಡ ಹಾಗೆ!

"ಎಡಗಡೆ, ಮೋಟು ಮರದ ಹತ್ತಿರ. ನಿನ್ನದೇ ಅದು" ಎಂದು ಕ್ಲೈವ್ ಉಸುರಿದ, ದುರ್ಬೀನಿನಿಂದ ಕಣ್ಣು ತೆಗೆಯದೆ.

ಪಾಂಡುರಂಗಪ್ಪ ಕೆನ್ನೆ ಊರಿದ. ಕೊಳವೆ ನಿಧಾನವಾಗಿ ಸರಿಯಿತು, ನಿಂತಿತು. ಉಸಿರು ಹಿಡಿದ. ಹಿಂದಿನಿಂದ ಚಂದ್ರವ್ವ ಕೊಳವೆಯ ಗುಂಟ ನೋಡಿದಳು. ಅದು ನಿಂತದ್ದು ಮೋಟು ಮರದ ಮೇಲೆ. ಮುರಿದ ಕಂದು ಬೊಡ್ಡೆ, ಎದೆಯೆತ್ತರ, ಅದಕ್ಕೊಂದು ಒಣ ಕೊಂಬೆ. ಜಿಂಕೆ ಇನ್ನೂ ಎಡಕ್ಕೆ, ಕತ್ತು ಬಗ್ಗಿಸಿ ಚಿಗುರು ಹುಡುಕುತ್ತಿತ್ತು. ಅರವತ್ತು ವರ್ಷ ಕಾದ ಮನುಷ್ಯ ಒಣಮರಕ್ಕೆ ಗುರಿಯಿಟ್ಟು ಕೂತಿದ್ದಾನೆ, ಅದನ್ನೇ ಚಿಗರಿ ಎಂದುಕೊಂಡಿದ್ದಾನೆ. ಬೆರಳು ಬಾಗುತ್ತಿದೆ. ಕಾಣದವನ ಕೈಯಲ್ಲಿ ಬಂದೂಕು ಎಂಬ ಭಯ ಆಗ ಒಮ್ಮೆಲೇ ಅವಳನ್ನು ಹಿಡಿಯಿತು. ತಡೆಯಲಾಗಲಿಲ್ಲ.

"ಬ್ಯಾಡ" ಎಂದಳು.

ಕ್ಲೈವ್ ತಿರುಗಿ ಅವಳಿಗೆ ಹಲ್ಲುಕಿರಿದ. ಹೆಬ್ಬೆರಳು ಎತ್ತಿ ತೋರಿಸಿದ. ಹೆಂಡತಿ ಗಂಡನನ್ನು ಬೇಟೆಗಾರ ಎಂದು ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡ. "ಯೆಸ್, ಬ್ಯಾಡ! ಹೊಡಿ!" ಎಂದು ತಾನೂ ಉಸುರಿದ.

ಇನ್ನೊಂದು ಅರ್ಥ ಗೊತ್ತಿದ್ದವನು ಒಬ್ಬನೇ. ಅವನು ಟ್ರಿಗರ್‌ನಿಂದ ಬೆರಳು ಹೊರಗೆ ತೆಗೆದ. ಕೆನ್ನೆ ಎತ್ತಿದ. ಹಿಂದೆ ತಿರುಗಲಿಲ್ಲ. ಅಷ್ಟರಲ್ಲಿ ಜಿಂಕೆ ತಲೆಯೆತ್ತಿ, ಒಂದು ನೆಗೆತಕ್ಕೆ ಜರೀಗಿಡದೊಳಗೆ ಹೋಯಿತು. ಅದರ ಬಿಳಿ ಬಾಲ ಮಾತ್ರ ಒಂದಿಷ್ಟು ದೂರ ಕಂಡಿತು, ಯಾರು ಕಾಣಬಲ್ಲರೋ ಅವರಿಗೆ.

"ಯಾಕೆ ಬಿಟ್ಟೆ?" ಎಂದ ಕ್ಲೈವ್.

"ಟೂ ಬ್ಯೂಟಿಫುಲ್" ಎಂದ ಪಾಂಡುರಂಗಪ್ಪ.

ಕ್ಲೈವ್ ದುರ್ಬೀನು ಕೆಳಗಿಟ್ಟ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, ನಿನ್ನಂಥ ಬೇಟೆಗಾರನನ್ನು ನಾನು ನೋಡಿಲ್ಲ ಎಂದ. ಗ್ರೀನ್‌ಫರ್ಡ್ ಬರುವವರೆಗೆ ದಾರಿಯುದ್ದಕ್ಕೂ ಅದನ್ನೇ ಹೇಳಿದ.

ಮನೆಯಲ್ಲಿ ಪಾಂಡುರಂಗಪ್ಪ ಕೋಟು ತೆಗೆಯದೆ ಕುರ್ಚಿಯಲ್ಲಿ ಕೂತ.

"ಯಾವಾಗಿಂದ ಗೊತ್ತದ ನಿನಗ?"

"ನೀವು ನನ್ನ ಕಿವಿ ನೋಡಿ ಮಾತಾಡ್ಲಿಕತ್ತಾಗಿಂದ."

"ಮತ್ತ ಹೇಳಲಿಲ್ಲ."

"ನೀವು ಹೇಳಲಿಲ್ಲಲ್ರೀ."

ಕೆಟಲ್ ಕುದಿದು ತಾನಾಗಿಯೇ ಆರಿತು. ಯಾರೂ ಏಳಲಿಲ್ಲ.

"ನಾ ಗುರಿ ಹಿಡಿದಿದ್ದು ಏನಿತ್ತು?"

ಚಂದ್ರವ್ವನಿಗೆ ಸುಳ್ಳು ಹೇಳುವುದು ಬರುತ್ತಿರಲಿಲ್ಲ. "ಬೊಡ್ಡಿ. ಮುರಿದ ಗಿಡದ ಬೊಡ್ಡಿ."

"ಚಿಗರಿ?"

"ಎಡಕ್ಕಿತ್ತು."

"ಹಿಂದ ಮಣ್ಣಿತ್ತಲ್ಲ?"

"ಮಣ್ಣಿತ್ತು."

ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಹೊಡೀಲಿಕ್ಕಿ ಬಿಡಬೇಕಿತ್ತು ಚಂದ್ರೀ. ಮಣ್ಣಿಗಿ ಬೀಳ್ತಿತ್ತು. ಚಿಗರಿ ಓಡಿ ಹೋಗ್ತಿತ್ತು. ತಪ್ಪಿತು ಅಂತಿದ್ದೆ ನಾ. ಯಾವ ಬ್ಯಾಟಿಗಾರಂದು ಗುರಿ ತಪ್ಪಂಗಿಲ್ಲ? ಸಾಯೋತನಕ ಅಂತಿದ್ದೆ, ಒಂದಿತ್ತು, ಎದುರಿಗೇ ನಿಂತಿತ್ತು, ಸ್ವಲ್ಪದಾಗ ತಪ್ಪಿತು ಅಂತ."

ಚಂದ್ರವ್ವ ಎದ್ದು ಮತ್ತೆ ಕೆಟಲ್ ಹಚ್ಚಿದಳು. ಕಾಣದವನು ಬಂದೂಕು ಹಿಡಿಯಬಾರದು, ತಾನು ಹೇಳಿದ್ದು ಸರಿ, ನೂರಕ್ಕೆ ನೂರು ಸರಿ. ಅವನು ಹೇಳಿದ್ದೂ ಸರಿ. ಆ ಒಂದು ಗುಂಡನ್ನು ಮಣ್ಣಿಗೆ ಹೋಗಗೊಟ್ಟು, ಮರುದಿನ ಕ್ಲೈವ್‌ಗೆ ಹೇಳಿ ನಿಲ್ಲಿಸಬಹುದಿತ್ತು. ಅದು ಹೊಳೆಯಲು ಬೇಕಾದಷ್ಟು ಹೊತ್ತು ಅಲ್ಲಿ ಸಿಗಲಿಲ್ಲ.

ಅವನು ಮತ್ತೆ ಕಾಡಿಗೆ ಹೋಗಲಿಲ್ಲ. ಅವಳನ್ನು ಬೈಯಲಿಲ್ಲ, ಊಟ ಬಿಡಲಿಲ್ಲ. ಬಸ್ಸಿನ ನಂಬರು ಕೇಳುವುದನ್ನು ಮಾತ್ರ ಬಿಟ್ಟ. ಬೃಂದಾ ಆಸ್ಪತ್ರೆಗೆ ಕರೆದೊಯ್ದಳು, ಕಣ್ಣಿಗೆ ಸೂಜಿ ಹಾಕಿದರು, ಉಳಿದಷ್ಟು ಉಳಿಯಲಿ ಎಂದರು. ಕ್ಲೈವ್ ಎರಡು ಸಲ ಬಾಗಿಲಿಗೆ ಬಂದ, ಕಾಗದದಲ್ಲಿ ಸುತ್ತಿದ ಮಾಂಸ ತಂದುಕೊಟ್ಟ. ಮಿಸ್ಟರ್ ಬ್ಯಾಡನಿಗೆ ನೆಗಡಿ ಎಂದು ಚಂದ್ರವ್ವ ಬಾಗಿಲಲ್ಲೇ ಹೇಳಿ ಕಳಿಸಿದಳು. ಮಾಂಸಕ್ಕೆ ಖಾರ ಅರೆದು ಸಾರು ಮಾಡಿ ರೊಟ್ಟಿಯ ಜೊತೆ ಇಟ್ಟರೆ ಅವನು ಸಾರು ನೆಂಚಿಕೊಂಡು ತುಂಡುಗಳನ್ನು ತಾಟಿನ ಅಂಚಿಗೆ ಸರಿಸಿದ.

ಫೆಬ್ರವರಿಯಲ್ಲಿ ಒಂದು ದಿನ, "ಆ ಬೂಟು ಯಾರಿಗರ ಕೊಟ್ಟುಬಿಡು" ಎಂದ. ಬೀದಿಯ ಕೊನೆಯ ಚಾರಿಟಿ ಅಂಗಡಿಯವರು ಕೆಸರಿನ ಬೂಟು ತೆಗೆದುಕೊಳ್ಳುವುದಿಲ್ಲ. ಚಂದ್ರವ್ವ ಅವನ್ನು ಅಡುಗೆಮನೆಯ ಸಿಂಕಿನಲ್ಲಿಟ್ಟು ನಳ ಬಿಟ್ಟಳು. ಅಟ್ಟೆಯ ಸಂದಿಯಲ್ಲಿ ಕಾಡಿನ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು, ನಡುವೆ ಒಂದು ಓಕ್ ಎಲೆ. ಕಡ್ಡಿಯಿಂದ ಕೆರೆದಳು. ನೀರು ಬಿದ್ದ ಕೂಡಲೇ ಆ ಮಣ್ಣಿನಿಂದ ಕೊಳೆತೆಲೆಯ, ಹಿಮದ, ಆ ಬೆಳಗಿನ ವಾಸನೆ ಎದ್ದಿತು.

"ಏನ್ ತೊಳೀಲಿಕತ್ತಿ?" ಎಂದು ಅವನು ಒಳಗಿನಿಂದ ಕೇಳಿದ.

ಅವಳ ಕೈ ನಿಂತಿತು.

"ಮೆಂತೆ ಪಲ್ಯಾ ರೀ. ಬಾಳ ಮಣ್ಣದ."

ಅವನು ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡ.

"ಹ್ಞೂಂ. ಚಂದಾಗಿ ತೊಳಿ" ಎಂದ.

ಆ ಮನೆಯಲ್ಲಿ ಎಲ್ಲಿಯೂ ಮೆಂತ್ಯದ ವಾಸನೆ ಇರಲಿಲ್ಲ.