ಕೇಣಿಯ ಮನೆಗಳ ಮೇಲೆ ಎಳೆದ ಗೆರೆ

ನನ್ನ ಚಿತ್ರಗಳಲ್ಲಿ ಗೆರೆ ತುಂಡಾಗುವುದಿಲ್ಲ. ದೋಣಿಯಿಂದ ಬಲೆಗೆ, ಬಲೆಯಿಂದ ಅದನ್ನು ಹರವುವ ಕೈಗೆ, ಅಲ್ಲಿಂದ ಮನೆಯ ಹಂಚಿಗೆ ಒಂದೇ ಗೆರೆ ಸಾಗುತ್ತದೆ. ಲೋಕದಲ್ಲಿ ಯಾವುದೂ ಬಿಡಿಯಾಗಿಲ್ಲ ಎಂಬುದು ನನ್ನ ನಂಬಿಕೆ. ಕಾರವಾರದಲ್ಲಿ ನಡೆದ ಪ್ರದರ್ಶನದಲ್ಲಿ ಇದನ್ನೇ ಮೈಕಿನ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ.

ಆ ದಿನ ಒಬ್ಬ ಗೃಹಸ್ಥ ಬಂದು, ಅಂಕೋಲೆಯ ಕೇಣಿಯ ಕಡಲದಂಡೆಯನ್ನು ದೊಡ್ಡದಾಗಿ ಬರೆದುಕೊಡಬೇಕೆಂದು ಕೇಳಿದ. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. "ಮನೆಗಳೆಲ್ಲ ಬರಬೇಕು ಮೇಡಂ, ಒಂದೂ ಬಿಡಬಾರದು," ಎಂದ. ಚಿತ್ರವನ್ನು ಇಷ್ಟು ಗಮನವಿಟ್ಟು ಕೇಳುವ ಗಿರಾಕಿ ಅಪರೂಪವೆಂದು ಒಪ್ಪಿಕೊಂಡೆ.

ಕದ್ವಾಡದ ನನ್ನ ಮನೆಯಿಂದ ಬಸ್ಸು ಬದಲಿಸುತ್ತ ಕೇಣಿಗೆ ಹೋಗತೊಡಗಿದೆ. ಆ ದಂಡೆಯಲ್ಲಿ ಬಂದರು ಬರುತ್ತದೆ, ಮನೆಗಳು ಹೋಗುತ್ತವೆ ಎಂದು ಜನ ಕಂಗೆಟ್ಟಿದ್ದ ಸಮಯ ಅದು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸು, ನನಗಿಂತ ಕೊಂಚ ಹಿರಿಯಳು, ಬೆನ್ನ ಹಿಂದೆ ಬಂದು ನಿಂತು ಹಾಳೆ ನೋಡಿದಳು.

"ಅಕ್ಕೋರೆ, ಈ ಗೆರೆ ಎಂತದು? ನಮ್ಮನೆ ಮೇಲಿಂದ ಹೋಗ್ತದೆ."

"ಎಲ್ಲಾ ಒಂದಕ್ಕೊಂದು ಕೂಡ್ಕೊಂಡದೆ ಅಂತ ತೋರ್ಸುಕೆ ಅಕ್ಕಾ."

"ರಸ್ತೆ ಅಲ್ಲ ಅಲ್ದಾ?"

"ಅಲ್ಲ."

"ನಿಮ್ಮನ್ನ ಕಳ್ಸಿದ್ದು ಯಾರು?"

ಚಿತ್ರ ಕೊಳ್ಳುವವರೊಬ್ಬರು ಎಂದೆ. ಕಳಿಸಿದವನ ಫೋನ್ ನಂಬರು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತು, ಮೀನಿನ ಕಡೆಗೆ ತಿರುಗಿದಳು.

ಮುಂದಿನ ಸಲ ಹೋದಾಗ ಅಂಕೋಲೆ ಬಸ್‌ಸ್ಟ್ಯಾಂಡಿನ ಚಾ ಅಂಗಡಿಯವನು ತನ್ನ ಮೊಬೈಲು ತೋರಿಸಿದ. ಹಾಳೆಯ ಮೇಲೆ ಬಗ್ಗಿ ಕೂತ ನನ್ನ ಫೋಟೋ. ಕೆಳಗೆ, ಬಂದರಿನ ಸರ್ವೆಯವಳು ಬಂದಿದ್ದಾಳೆ, ಹುಷಾರು ಎಂಬ ಬರಹ. ಸಿಟ್ಟು ಬಂತು, ಹೆದರಿಕೆಯೂ ಆಯಿತು. ವಾಪಸು ಬಸ್ಸಿನಲ್ಲಿ ಪಕ್ಕದವರು ಫೋನು ತೆಗೆದರೆ ನನ್ನ ಫೋಟೋವನ್ನೇ ತೆಗೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಹೋಗುವುದನ್ನೇ ನಿಲ್ಲಿಸಿದೆ.

ಕೆಲವು ದಿನ ಕಳೆದು ಅದೇ ಹೆಂಗಸು ಒಣಮೀನಿನ ಬುಟ್ಟಿ ಹೊತ್ತು ನನ್ನ ಅಂಗಳದಲ್ಲಿ ನಿಂತಿದ್ದಳು. ಕದ್ವಾಡದವರು ಮೀನಿಗೆ ಕಾರವಾರದ ಪೇಟೆಗೆ ಹೋಗುತ್ತಾರೆ. ಅಂಕೋಲೆಯಿಂದ ಇಲ್ಲಿಯವರೆಗೆ ಹೊತ್ತು ತಂದವರನ್ನು ನಾನು ಕಂಡಿಲ್ಲ. ಮನೆ ಹೇಗೆ ಸಿಕ್ಕಿತೆಂದು ಕೇಳಿದೆ.

"ಫೋಟೋ ನೋಡ್ದವ್ರು ಯಾರೋ ಹೇಳಿದ್ರು," ಎಂದಳು.

ಒಳಗೆ ಕರೆದೆ. ನೀರು, ಬೆಲ್ಲ ಕೊಟ್ಟೆ. ಅವಳು ಮುಟ್ಟಲಿಲ್ಲ. ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡಿ, ಅಡುಗೆಮನೆಗೂ ಇಣುಕಿ ಬಂದಳು. ಇವಳು ಏನು ಹುಡುಕುತ್ತಿದ್ದಾಳೆಂದು ನಾನೂ ಅವಳ ಕೈಯನ್ನೇ ಗಮನಿಸುತ್ತಿದ್ದೆ.

"ನೀವು ಚಿತ್ರ ಬರೆಯುದು ಖರೆ," ಎಂದಳು ಕೊನೆಗೆ. "ಆದ್ರೆ ಅದು ಆಮೇಲೆ ಎಲ್ಲಿ ಹೋಗ್ತದೆ?"

"ತಕೊಂಡವ್ರ ಗೋಡೆಗೆ."

"ಎಲ್ಲಾ ಕೂಡ್ಕೊಂಡದೆ ಅಂದಿದ್ರಿ. ಹಂಗಾದ್ರೆ ಆ ಗೋಡೆನೂ ನಮ್ಮನೆನೂ ಕೂಡ್ಕೊಂಡದೆ."

ಅವಳೆದುರೇ ಆ ಗೃಹಸ್ಥನಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಚಿತ್ರ ಯಾವ ಗೋಡೆಗೆ ಎಂದು ಕೇಳಿದೆ. ಆಫೀಸಿನ ಗೋಡೆಗೆ ಎಂದ. ಯಾವ ಆಫೀಸು ಎಂದೆ.

"ಅದೆಲ್ಲ ನಿಮಗ್ಯಾಕೆ ಮೇಡಂ? ಮನೆಗಳು ಮಾತ್ರ ಸರಿಯಾಗಿ ಬರಲಿ."

ಚಿತ್ರ ಕೊಡುವುದಿಲ್ಲ ಎಂದೆ. ಅವನು ಸರಿ ಎಂದು ಫೋನಿಟ್ಟ. ಬಂದರಿನ ಕಡೆಯವನೋ, ಕಡಲನ್ನು ಇಷ್ಟಪಡುವ ಯಾವುದೋ ಕಚೇರಿಯ ಗುಮಾಸ್ತನೋ, ಇಂದಿಗೂ ನನಗೆ ತಿಳಿದಿಲ್ಲ. ಒಂದು ಮಾತೂ ವಾದಿಸದೆ ಒಪ್ಪಿಕೊಂಡದ್ದೇ ನನ್ನ ಅನುಮಾನವನ್ನು ಹೆಚ್ಚಿಸಿತು. ಆಮೇಲೆ ಆ ಹೆಂಗಸು ನೀರು ಕುಡಿದಳು.

ನನ್ನ ನಂಬಿಕೆಯನ್ನು ನಾನು ಬಿಟ್ಟಿಲ್ಲ. ಆದರೆ ಕೂಡಿಕೊಂಡಿರುವುದೆಲ್ಲ ಒಳ್ಳೆಯದಕ್ಕೇ ಎಂದು ಮೊದಲಿನಂತೆ ಹೇಳಲಾರೆ. ಪ್ರೀತಿ ಬರುವ ದಾರಿಯಲ್ಲೇ ಕೇಡೂ ಬರಬಹುದು. ಈಗ ಬರೆಯುವ ಮುಂಚೆ ಮನೆಯವರನ್ನು ಕೇಳುತ್ತೇನೆ. ಬೇಡ ಎಂದವರ ಮನೆಯ ಜಾಗ ಹಾಳೆಯಲ್ಲಿ ಬಿಳಿಯಾಗಿಯೇ ಉಳಿಯುತ್ತದೆ. ಕೆಲವು ಹಾಳೆಗಳಲ್ಲಿ ಬರೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.

ಕೇಣಿಗೆ ಮತ್ತೆ ಹೋಗುತ್ತಿದ್ದೇನೆ. ಆ ಹೆಂಗಸು ತನ್ನ ಚಪ್ಪರದ ನೆರಳಲ್ಲಿ ಕೂರಲು ಜಾಗ ಕೊಟ್ಟಿದ್ದಾಳೆ. ಮೊನ್ನೆ ನೆರೆಯವಳೊಬ್ಬಳು ನನ್ನ ಕಡೆ ಗದ್ದ ಎತ್ತಿ ತೋರಿಸಿ, "ಇವ್ರನ್ನ ನಂಬುದಾ?" ಎಂದು ಅವಳನ್ನು ಕೇಳಿದಳು.

"ಇನ್ನೂ ನೋಡ್ತಾ ಇದ್ದೇನೆ," ಎಂದು ಅವಳು ಮೀನು ತಿರುವಿ ಹಾಕಿದಳು.