ಹತ್ತುಬೆರಳಪ್ಪನ ಕೆಮ್ಮಿನ ಔಷಧಿ

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಹತ್ತುಬೆರಳಪ್ಪ ಅನ್ನುತ್ತಾರೆ. ಕಾಗದ ಕತ್ತರಿಸುವ ಮೆಷಿನ್ನಿನ ಮುಂದೆ ಮೂವತ್ತೊಂದು ವರ್ಷ ನಿಂತೂ ಹತ್ತೂ ಬೆರಳು ಉಳಿಸಿಕೊಂಡವನು ಅವನೊಬ್ಬನೇ. ಅವನಿಗೆ ಕೆಲಸ ಕಲಿಸಿದವರು ಎಂಟೂವರೆ ಬೆರಳು ಉಳಿಸಿಕೊಂಡು ಮನೆಗೆ ಹೋದರು.

ನಾನೂ ಅಲ್ಲೇ ಇದ್ದೆ. ಔಷಧಿ ಡಬ್ಬಿಯೊಳಗೆ ಒಂದು ಚೀಟಿ ಇಡುತ್ತಾರಲ್ಲ, ಅವನು ಕತ್ತರಿಸಿದ ಆ ಚೀಟಿಗಳನ್ನು ಎಂಟು ಮಡಿಕೆ ಮಾಡುವುದು ನನ್ನ ಕೆಲಸ. ನಮ್ಮ ಮನೆಯವರು ತೀರಿಕೊಂಡ ಮೇಲೆ ಹದಿನಾರು ವರ್ಷ ಮಡಚಿದೆ. ಒಂದನ್ನೂ ಓದಲಿಲ್ಲ. ಅವನೂ ಓದಲಿಲ್ಲ.

ಈಗ ನಮ್ಮಿಬ್ಬರ ಕೋಣೆಗಳ ನಡುವೆ ಒಂದೇ ಗೋಡೆ. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಲೋಟ. ಬಂದವರಿಗೆ ಇನ್ನೊಂದು ಲೋಟ ಬೇಡವಾ ಅಂದರೆ, "ಬರೋರು ಯಾರು, ಅಕ್ಕಾ?" ಅಂತಾನೆ.

ಹೋದ ತಿಂಗಳು ಅವನಿಗೆ ನೆಗಡಿ, ಕೆಮ್ಮು. ನಾಲ್ಕನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬೀಗದ ತೂತು ಸಿಗದೆ ತಡಕಾಡುತ್ತಿದ್ದ.

"ನಿದ್ದೆ ಮಾಡಿಲ್ವೇನೋ?"

"ನಿದ್ದೆನೇ ಬಿಡ್ತಿಲ್ಲ, ಅಕ್ಕಾ. ನಿನ್ನೆ ಮೆಷಿನ್ ಮುಂದೆ ತೂಕಡಿಸಿದೆ. ಅಲಗು ಬಿದ್ದ ಸದ್ದಿಗೇ ಎಚ್ಚರ ಆಗಿದ್ದು."

ಅವನ ಕೈಯಿಂದ ಬೀಗ ಕಿತ್ತುಕೊಂಡೆ. ಏನು ಕುಡೀತಿದ್ದೀಯ ತೋರಿಸು ಅಂದೆ. ಕಿಟಕಿಯ ಮೇಲೆ ಸಿರಪ್ಪಿನ ಬಾಟಲಿ, ಪಕ್ಕದಲ್ಲಿ ನೆಗಡಿಯ ಮಾತ್ರೆ.

"ಅಳತೆ ಎಷ್ಟು?"

"ಅಳತೆ ಎಂಥದು? ಎರಡು ಗುಟುಕು. ಮೇಲೊಂದು ಮಾತ್ರೆ, ಬೇಗ ಹೋಗ್ಲಿ ಅಂತ."

"ಕೆಮ್ಮು ಹೋಗತ್ತೋ, ನೀನೇ ಹೋಗ್ತೀಯೋ! ಚೀಟಿ ನೋಡಿದ್ಯಾ?"

"ಅದನ್ನ ಯಾರು ಓದ್ತಾರೆ..." ಅಂದವನು ನನ್ನ ಮುಖ ನೋಡಿ ಡಬ್ಬಿ ನನ್ನ ಕೈಗಿಟ್ಟ.

ಸಿರಪ್ಪಿನ ಚೀಟಿ ಡಬ್ಬಿಯಲ್ಲೇ ಇತ್ತು, ಮಡಿಕೆ ಬಿಚ್ಚಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಿದ್ದೆ ಬರಬಹುದು, ಮೆಷಿನ್ ಮುಟ್ಟಬಾರದು ಅಂತಿತ್ತು. ಜ್ವರದ ಔಷಧಿಯ ಉದ್ದನೆ ಹೆಸರೊಂದು ಚೀಟಿಯಲ್ಲೂ ಇತ್ತು, ಮಾತ್ರೆಯ ಹಾಳೆಯ ಮೇಲೂ ಇತ್ತು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಾಳೆ ನೋಡಿದೆ.

ಎರಡನ್ನೂ ಹಿಡಿದು ಔಷಧಿ ಅಂಗಡಿಗೆ ಹೋದೆವು. ಅಂಗಡಿಯಾಕೆ ನೋಡಿ ಬೈದಳು. "ಎರಡರಲ್ಲೂ ಇರೋದು ಅದೇ ರೀ. ಒಟ್ಟಿಗೆ ತಗೊಂಡು ಜಾಸ್ತಿ ಆದ್ರೆ ಲಿವರ್ ಕೆಡತ್ತೆ. ತಗೊಂಡ್ರೆ ಯಾವುದಾದ್ರೂ ಒಂದೇ. ಸಿರಪ್ಪು ಆದ್ರೆ ಅದರ ಜೊತೆ ಕೊಟ್ಟಿರೋ ಅಳತೆ ಮುಚ್ಚಳದಲ್ಲೇ. ಈಗ ಎರಡೂ ನಿಲ್ಲಿಸಿ, ಇವತ್ತೇ ಡಾಕ್ಟರಿಗೆ ತೋರಿಸಿ."

ಡಾಕ್ಟರು ರಕ್ತ ನೋಡಿಸಿ, ಸದ್ಯ ತೊಂದರೆ ಇಲ್ಲ, ಮೂರು ದಿನ ಮೆಷಿನ್ ಹತ್ತಿರ ಹೋಗಬೇಡ ಅಂದರು. ಅವನ ಮುಖ ಆಗ ಬಾಡಿತು.

"ಮೂರು ದಿನ ಕೋಣೇಲಿ ಕೂತು ಏನ್ ಮಾಡ್ಲಿ, ಅಕ್ಕಾ? ಅಲ್ಲಾದ್ರೆ ಮೆಷಿನ್ನಾದ್ರೂ ಸದ್ದು ಮಾಡತ್ತೆ."

ಆ ಗುಟುಕು, ಆ ಆತುರ ಎಲ್ಲ ಯಾಕೆ ಅಂತ ನನಗೆ ಅಲ್ಲಿ ತಿಳಿಯಿತು.

ಮೂರು ದಿನವೂ ನನ್ನ ಕುರ್ಚಿ, ನನ್ನ ಲೋಟ ತೆಗೆದುಕೊಂಡು ಹೋಗಿ ಕೂತೆ. ಬಿಸಿನೀರು ಕುಡಿದೆವು. ಚೀಟಿಯನ್ನು ಅವನು ಮಡಚಲು ಹೋಗಿ ಕೆಡಿಸಿದ, ನಾನು ಮಡಚಿಕೊಟ್ಟೆ.

ನಾಲ್ಕನೆಯ ದಿನ ಹತ್ತು ಬೆರಳೂ ತೆಗೆದುಕೊಂಡು ಕೆಲಸಕ್ಕೆ ಹೋದ. ಈಗ ಗೋಡೆಯಾಚೆ ಕೆಮ್ಮಿಲ್ಲ, ಇಡೀ ಹಗಲು ಒಂದು ಸದ್ದೂ ಇಲ್ಲ. ಕುರ್ಚಿ ತಂದುಕೊಂಡೆ. ನನ್ನ ಲೋಟ ಅವನ ಕಿಟಕಿಯ ಮೇಲೇ ಇದೆ. ನಾನು ಕೇಳಿಲ್ಲ, ಅವನೂ ಕೊಟ್ಟಿಲ್ಲ.