ಅದು ಯಾರ ಉಸಿರು

ಬ್ಯಾಡಗಿ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿದ ಮೇಲೇ ಕೊಳ್ಳುತ್ತಿದ್ದರು ನಮ್ಮ ಸೀನಿಯರ್ ವಕೀಲರು. ಹಾಗೆ ಕೇಳುವಾಗ ಅವರ ಪೊದೆಯಂಥ ಎಡಹುಬ್ಬು ಹಣೆಯ ಅರ್ಧಕ್ಕೆ ಏರುತ್ತಿತ್ತು. "ತೂಕಕ್ಕ ನೀರು ಹೊಡದಾನ, ಬೀಜ ಮಾತಾಡವಲ್ವು," ಎಂದು ಎದ್ದರೆ ಮುಗಿಯಿತು, ಅಂಗಡಿಯವ ಆಣೆ ಮಾಡಿದರೂ ತಿರುಗಿ ನೋಡುತ್ತಿರಲಿಲ್ಲ. ಮನುಷ್ಯರನ್ನೂ ಅವರು ಹೀಗೇ ಅಲ್ಲಾಡಿಸಿ ನೋಡುತ್ತಿದ್ದರು.

ಹಾವೇರಿಯ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿದ ಮೊದಲ ದಿನವೇ, "ಅಗಡಿಯಿಂದ ದಿನಾ ಬರತೇನಿ ಅಂತಿ. ಮತ್ತ ಬಸ್ ಪಾಸ್ ಯಾಕಿಲ್ಲ?" ಎಂದು ಕೇಳಿ ನನ್ನ ಮೋರೆ ಕೆಂಪಾಗಿಸಿದ್ದರು. ಅಣ್ಣನ ಗಾಡಿಯ ಹಿಂದೆ ಕೂತು ಬರುತ್ತೇನೆಂದರೆ ನಂಬಬೇಕಲ್ಲ! ಮರುದಿನ ಬಾಗಿಲಲ್ಲಿ ನಿಂತು ಅಣ್ಣನನ್ನು ಕಣ್ಣಾರೆ ಕಂಡ ಮೇಲೇ ಒಳಗೆ ಹೋದರು. ಕಕ್ಷಿದಾರರಿಗೂ ಅಷ್ಟೆ. ಒಂದೇ ಪ್ರಶ್ನೆಯನ್ನು ಬಂದ ಕೂಡಲೇ ಕೇಳುವುದು, ಚಹಾ ಕುಡಿಸಿ ಕೇಳುವುದು, ಹೊರಟಾಗ ಬಾಗಿಲ ಹತ್ತಿರ ಇನ್ನೊಮ್ಮೆ. "ಚಪ್ಪಲಿ ಮೆಟ್ಟಕೋಂತ ಸುಳ್ಳು ಹೇಳೂದು ಕಷ್ಟ ಐತವಾ," ಎನ್ನುತ್ತಿದ್ದರು. ಥೂ, ಎಂಥಾ ಸಂಶಯದ ಪ್ರಾಣಿ ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ, ಮನಸ್ಸಿನಲ್ಲೇ.

ಅವರ ಜೊತೆ ನಾನು ನಡೆಸಿದ ಕೇಸುಗಳಲ್ಲಿ ಇಂದಿಗೂ ಬಿಡದೆ ಕಾಡುವುದು ಐರಣಿ ಕಡೆಯ ಕುರಿ ಕಾಯುವ ಹೆಣ್ಣುಮಗಳದು. ಗಂಡ ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ಆಕೆ ಬಸುರಿ ಎಂದು ಗೊತ್ತಾಗಿತ್ತು. ಅದು ತನ್ನ ಅಣ್ಣನ ಕೂಸೇ ಅಲ್ಲವೆಂದು ಆಕೆಯ ಮೈದುನನ ಸಂಶಯ. ಹೊಲದ ಕುರಿಹಟ್ಟಿಯಲ್ಲಿ ಆಕೆ ಒಬ್ಬಳೇ ಹೆತ್ತಳು. ಕೂಸು ಸತ್ತೇ ಹುಟ್ಟಿತೆಂದು ಬೇವಿನ ಬುಡದಲ್ಲಿ ಮಣ್ಣು ಮಾಡಿದಳು. ಮೈದುನ ದೂರು ಕೊಟ್ಟ. ಪೊಲೀಸರು ಹೆಣ ತೆಗೆಸಿದರು. ಶವಪರೀಕ್ಷೆಯಲ್ಲಿ ಕೂಸಿನ ಶ್ವಾಸಕೋಶದ ತುಣುಕು ನೀರಿನಲ್ಲಿ ತೇಲಿತು. ತೇಲಿತೆಂದರೆ ಉಸಿರಾಡಿತ್ತು, ಉಸಿರಾಡಿತ್ತೆಂದರೆ ಬದುಕಿತ್ತು, ಮೂಗಿನ ಹತ್ತಿರ ಉಗುರಿನ ಗೀರು ಇದೆಯೆಂದರೆ ಇವಳೇ ಉಸಿರುಗಟ್ಟಿಸಿದ್ದಾಳೆ. ಕೊಲೆ ಕೇಸು ಬಿತ್ತು.

ಸೀನಿಯರ್ ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು: "ಕೊಲಿ ಆಗಬೇಕಂದ್ರ ಮೊದಲ ಜೀವಂತ ಮನಷ್ಯಾ ಒಬ್ಬ ಇರಬೇಕು. ಹೊಟ್ಟ್ಯಾಗಿನ ಕೂಸಿನ ಜೀವ ತಗದ್ರ ಅದಕ್ಕ ಕಾನೂನಿನಾಗ ಬ್ಯಾರೆ ಹೆಸರೈತಿ, ಕೊಲಿ ಅನ್ನಂಗಿಲ್ಲ. ಜೀವಂತ ಕೂಸಿನ ಒಂದು ಕೈ ಹೊರಗ ಬಂದಿದ್ರೂ ಸಾಕು, ಕೊಂದ್ರ ಕೊಲಿ ಆಗಬಹುದು. ಆದ್ರ ಸತ್ತು ಹುಟ್ಟಿದ್ದನ್ನ ಯಾರೂ ಕೊಲ್ಲಾಕ ಬರಂಗಿಲ್ಲ. ಇಕಿ ಜೀವ ಆ ಕೂಸಿನ ಉಸಿರಿನ ಮ್ಯಾಲ ನಿಂತೈತಿ."

ಜಾಮೀನಿನ ಮೇಲೆ ಹೊರಗಿದ್ದ ಆಕೆ, "ಅಳಲಿಲ್ರಿ, ಮಿಸುಕಾಡಲಿಲ್ರಿ" ಎನ್ನುತ್ತಿದ್ದಳು. "ಆಮ್ಯಾಲ ಏನು ಮಾಡಿದಿ?" ಎಂದರೆ ಬಾಯಿ ಬಿಗಿ. ಚಪ್ಪಲಿ ಮೆಟ್ಟುವಾಗ ಕೇಳಿದರೂ ಬಾಯಿ ಬಿಡಲಿಲ್ಲ. "ಇಕಿ ಏನೋ ಮುಚ್ಚಿಡಾಕತ್ತಾಳ," ಎಂದು ಸೀನಿಯರ್ ಹುಬ್ಬೇರಿಸಿದರು. ಖರೇ ಹೇಳುತ್ತೇನೆ, ನನಗೂ ಹಾಗೇ ಅನಿಸಿತ್ತು.

ಜಾಗ ನೋಡಲೆಂದು ನಾವಿಬ್ಬರೂ ಆ ಹಟ್ಟಿಗೆ ಹೋದೆವು. ಅಷ್ಟರಲ್ಲಿ ಒಂದು ಕುರಿ ಈಯಿತು. ಮರಿ ಅಲ್ಲಾಡಲಿಲ್ಲ. ಆಕೆ ನಮ್ಮನ್ನು ಮರೆತೇಬಿಟ್ಟಳು. ಸೆರಗಿನಿಂದ ಮರಿಯ ಮೂತಿ ಒರೆಸಿ, ಬಾಯಿ ಹಿಡಿದು, ಮೂಗಿಗೆ ತುಟಿ ಹಚ್ಚಿ ಮೆಲ್ಲಗೆ ಊದಿದಳು. ಇನ್ನೊಮ್ಮೆ ಊದಿದಳು. ಮರಿ ಸೀನಿ ತಲೆ ಎತ್ತಿತು.

"ಕೂಸಿಗೂ ಹಿಂಗ ಊದಿದ್ಯೇನು?" ಸೀನಿಯರ್ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಆಕೆ ಮರಿಯನ್ನು ಎದೆಗೆ ಅವಚಿಕೊಂಡಳು. "ಜೋರ್ ಊದಿದೆನ್ರಿ ಸಾಹೇಬ್ರ. ಮರಿಗೆ ಮೆಲ್ಲಕ ಊದಬೇಕು ಅಂತ ಅವ್ವ ಕಲಿಸಿದ್ಲು. ಅಂಜಿಕಿಗೆ ಜೋರ್ ಊದಿಬಿಟ್ಟೆ. ನನ್ನ ಉಸಿರಿಗೇ ಅದು ಸತ್ತಿತ್ರಿ," ಎಂದು ಬಿಕ್ಕಿದಳು. ಅಯ್ಯೋ ಶಿವನೇ! ಇಷ್ಟು ದಿನ ಆಕೆ ಮುಚ್ಚಿಟ್ಟದ್ದು ಇದನ್ನು. ಪೊಲೀಸರು ಹೇಳುವುದಕ್ಕೂ ಮೊದಲೇ ಆಕೆ ತನ್ನನ್ನು ಕೊಲೆಗಾತಿ ಎಂದು ನಂಬಿಕೊಂಡಿದ್ದಳು.

ಕೋರ್ಟಿನಲ್ಲಿ ಸೀನಿಯರ್, ಶವಪರೀಕ್ಷೆ ಮಾಡಿದ ಡಾಕ್ಟರನ್ನು ಬೆಳಗಿನಿಂದ ಊಟದ ಹೊತ್ತಿನವರೆಗೆ ಹಿಂಡಿದರು. ಬಾಯಿಂದ ಊದಿದ ಗಾಳಿಗೂ ಶ್ವಾಸಕೋಶ ತೇಲಬಹುದು, ಬಾಯಿ ಬಿಗಿಯಾಗಿ ಹಿಡಿದರೆ ಉಗುರು ಗೀರಬಹುದು ಎಂದು ಡಾಕ್ಟರು ಒಪ್ಪಿದರು. ವಾದ ಮುಗಿಸುವಾಗ ಸೀನಿಯರ್, "ಸ್ವಾಮಿ, ಈ ಪ್ರಕರಣದಲ್ಲಿ ಸತ್ತ ವ್ಯಕ್ತಿಯೇ ಇಲ್ಲ. ಅದು ವ್ಯಕ್ತಿ ಆಗಿರಲೇ ಇಲ್ಲ," ಎಂದರು.

"ಹಂಗನ್ನಬ್ಯಾಡ್ರಿ!" ಹಿಂದಿನಿಂದ ಆಕೆ ಕೂಗಿದಳು. "ಗಂಡಸುಮಗಾ ಇತ್ರಿ ಅದು. ಅವರಪ್ಪನ ಮೂಗು ಇತ್ರಿ."

ಆಕೆ ಬಿಡುಗಡೆಯಾದಳು. ಮೆಟ್ಟಿಲ ಹತ್ತಿರ ಕೈ ಮುಗಿದು, "ನನ್ನ ಉಳಿಸಿದ್ರಿ. ನನ್ನ ಕೂಸನ್ನ ಇಲ್ಲ ಅನ್ನಿಸಿದ್ರಿ," ಎಂದಳು. ಸೀನಿಯರ್ ಆಕೆಗೆ ತಿರುಗಿ ಕೈ ಮುಗಿದು ಮೆಟ್ಟಿಲಿಳಿದರು. ಆದರೆ ಆಫೀಸಿಗೆ ಬಂದದ್ದೇ ತಡ, ಅವರ ಹುಬ್ಬು ಏರಿತು: "ಮೊದಲ ಇಕಿ ಊದಿದ್ಲೋ, ಮೊದಲ ಅದು ಉಸಿರಾಡ್ತೋ, ನೋಡಿದವರು ಯಾರವಾ?" ಗೆದ್ದ ಕೇಸಿನ ಮೇಲೂ ಸಂಶಯ! ನನಗೆ ಮೈಯೆಲ್ಲ ಉರಿಯಿತು. ಆದರೂ ಆ ಪ್ರಶ್ನೆ ನನ್ನೊಳಗೂ ಕೂತುಬಿಟ್ಟಿತು, ಅವರದೇ ಶಿಷ್ಯೆಯಲ್ಲವೇ.

ಆಮೇಲೆ ಹಾವೇರಿಗೆ ಬಂದಾಗಲೆಲ್ಲ ಆಕೆ ಆಫೀಸಿಗೆ ಬರುತ್ತಿದ್ದಳು, ಸುಮ್ಮನೆ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಹೋದ ವರ್ಷ ಆಕೆ ಹಾಗೇ ಬಂದಿದ್ದ ಒಂದು ಬೆಳಿಗ್ಗೆ, ಸೀನಿಯರ್ ಚಹಾದ ಕಪ್ಪು ಎತ್ತುತ್ತ ಕುರ್ಚಿಯಿಂದ ಜಾರಿದರು. ನಾನು ಆ್ಯಂಬುಲೆನ್ಸಿಗೆ ಫೋನ್ ಹಚ್ಚುವುದರೊಳಗೆ ಆಕೆ ಅವರ ಮೋರೆ ಒರೆಸಿ, ಬಾಯಿಗೆ ಬಾಯಿ ಹಚ್ಚಿದ್ದಳು. ಬಾಗಿಲಲ್ಲಿ ವಕೀಲರೆಲ್ಲ ಸೇರಿ ನೋಡುತ್ತಿದ್ದರು. ಆಕೆಗೆ ಯಾರ ಹಂಗೂ ಇರಲಿಲ್ಲ. ಊದಿದಳು, ಮುಖ ನೋಡಿದಳು, ಮತ್ತೆ ಊದಿದಳು. ಆ್ಯಂಬುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ.

ಬಿದ್ದ ಕೂಡಲೇ ಜೀವ ಹೋಗಿತ್ತು ಎಂದರು ಆಸ್ಪತ್ರೆಯ ಡಾಕ್ಟರು. ನಾನು ನಂಬದೆ ಮತ್ತೆ ಕೇಳಿದೆ, ಅವರು ಹೊರಟಾಗ ಬಾಗಿಲ ಹತ್ತಿರ ಇನ್ನೊಮ್ಮೆ ಕೇಳಿದೆ. ಅದೇ ಉತ್ತರ. ಆಕೆ ಗೋಡೆಗೆ ಒರಗಿ ಕೂತಿದ್ದಳು.

"ಅಕ್ಕಾರ," ಎಂದಳು, "ಈ ಸಲಾನೂ ಜೋರ್ ಊದಿದೆನೇನ್ರಿ?"

"ಇಲ್ಲವ್ವಾ," ಎಂದೆ. "ನಾ ನೋಡೇನಿ. ಮೆಲ್ಲಕ ಊದಿದಿ."